ಸೆಂಟ್ರಲ್ ವ್ಯಾಕ್ಯೂಮ್: ಯಾವ ಮಾಲು ತರಿಸಬೇಕು, ಯಾವುದು ಬೇಡ? ಹುಬ್ಬಳ್ಳಿ-ಧಾರವಾಡದ ಡೀಲರುಗಳಿಗೆ ಒಂದು ಹೋಲಿಕೆ

ಮಗ ಕೆನಡಾದಲ್ಲೋ ಮಗಳು ಅಮೆರಿಕದಲ್ಲೋ ಇರುವ ಮನೆಗಳು ನಮ್ಮ ಅವಳಿ ನಗರದಲ್ಲಿ ಈಗ ಕಡಿಮೆಯೇನಿಲ್ಲ. ಅಲ್ಲಿ ಕೆಲವು ತಿಂಗಳು ಇದ್ದು ಬಂದ ಅಪ್ಪ-ಅಮ್ಮ ಇಲ್ಲಿ ಹೊಸ ಮನೆ ಕಟ್ಟಿಸುವಾಗ ಹಾರ್ಡ್‌ವೇರ್ ಅಂಗಡಿಗೆ ಬಂದು ಕೇಳುತ್ತಾರೆ: "ಗ್ವಾಡಿಗೆ ಪೈಪ್ ಸಿಗಿಸಿ ಕಸಾ ಎಳೀತಾರಲ್ರೀ, ಅದು ನಮ್ಮಲ್ಲಿ ಸಿಗತೈತೇನ್ರೀ?" ಅವರು ಕೇಳುವುದು ಸೆಂಟ್ರಲ್ ವ್ಯಾಕ್ಯೂಮ್, ಅಂದರೆ ಇಡೀ ಮನೆಗೆ ಒಂದೇ ಯಂತ್ರ ಇಟ್ಟು ಗೋಡೆಯೊಳಗಿನ ಪೈಪಿನಿಂದ ಕಸ ಎಳೆಯುವ ವ್ಯವಸ್ಥೆ. ಅಂಗಡಿಯವರಿಗೆ ಆಸೆ ಹುಟ್ಟುತ್ತದೆ. ಹೊಸ ಮಾಲು, ಊರಲ್ಲಿ ಪೈಪೋಟಿ ಇಲ್ಲ, ಲಾಭ ಚೆನ್ನಾಗಿರಬಹುದು. ಆಮೇಲೆ ಅವರು ಕೇಳುವ ಮೊದಲ ಪ್ರಶ್ನೆ, "ಯಾವ ಕಂಪನಿದು ಹಿಡಿಯೋಣ?"

ನನ್ನ ಪ್ರಕಾರ ಕಂಪನಿ ಆಮೇಲಿನ ಮಾತು. ಮೊದಲು ಪೈಪಿನ ಅಳತೆ ತೀರ್ಮಾನ ಆಗಬೇಕು. ಯಂತ್ರ ಕೆಟ್ಟರೆ ನಾಲ್ಕು ಬೋಲ್ಟ್ ಬಿಚ್ಚಿ ಬೇರೆಯದು ಹಾಕಬಹುದು. ಪೈಪ್ ಹಾಗಲ್ಲ. ಅದು ಗೋಡೆಯೊಳಗೆ, ಸ್ಲ್ಯಾಬಿನೊಳಗೆ ಕೂತಿರುತ್ತದೆ, ಮನೆ ಇರುವ ತನಕ ಅಲ್ಲೇ ಇರುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ಯಂತ್ರದ ವಾಟ್‌ನಿಂದ ಶುರು ಮಾಡದೆ ಪೈಪಿನಿಂದ ಶುರು ಮಾಡುತ್ತೇನೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೋಟಾರು ಮತ್ತು ಕಸದ ಡಬ್ಬಿ ಇರುವ ಪವರ್ ಯುನಿಟ್ ಅನ್ನು ಗ್ಯಾರೇಜಿನಲ್ಲೋ ಯುಟಿಲಿಟಿಯಲ್ಲೋ ಗೋಡೆಗೆ ತೂಗು ಹಾಕುತ್ತಾರೆ. ಅಲ್ಲಿಂದ ಪಿವಿಸಿ ಪೈಪ್ ಗೋಡೆಯೊಳಗೆ ಹಾದು ಪ್ರತಿ ಮಹಡಿಗೂ ಹೋಗುತ್ತದೆ. ಗೋಡೆಯಲ್ಲಿ ಸ್ವಿಚ್ ಬೋರ್ಡಿನಂಥ ಮುಚ್ಚಳದ ಇನ್ಲೆಟ್ ಇರುತ್ತದೆ. ಮುಚ್ಚಳ ತೆಗೆದು ಹೋಸ್ ಸಿಗಿಸಿದರೆ ಕಸ ನೇರವಾಗಿ ಕೆಳಗಿನ ಡಬ್ಬಿಗೆ. ಪೈಪಿನ ಜೊತೆಗೇ 24 ವೋಲ್ಟಿನ ಎರಡು ಎಳೆಯ ಸಣ್ಣ ವೈರ್ ಹೋಗಿರುತ್ತದೆ. ಯಂತ್ರವನ್ನು ಆನ್-ಆಫ್ ಮಾಡುವುದು ಅದೇ. ಈ ವೈರನ್ನು 230 ವೋಲ್ಟಿನ ವೈರ್ ಇರುವ ಪೈಪಿನಲ್ಲೇ ತೂರಿಸಬೇಡಿ ಎಂದು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಮನೆಯೊಳಗೆ ಮೋಟಾರಿನ ಗದ್ದಲ ಇಲ್ಲ. ಧೂಳು ಮತ್ತೆ ಕೋಣೆಗೇ ವಾಪಸ್ ಬರುವುದಿಲ್ಲ. ಅಸ್ತಮಾ ಇರುವ ಮನೆಗೆ ಇದು ದೊಡ್ಡ ಮಾತು. ಬೇಸಿಗೆಯಲ್ಲಿ ಎರೆ ಹೊಲದ ಕಡೆಯಿಂದ ಗಾಳಿ ಬೀಸಿದಾಗ ಕಿಟಕಿ ಸಂದಿಯಲ್ಲಿ ಕೂರುವ ಸಣ್ಣ ಧೂಳು ನಮಗೆಲ್ಲ ಗೊತ್ತೇ ಇದೆ. ಕಸಬರಿಗೆಯಿಂದ ಗುಡಿಸಿದರೆ ಅರ್ಧ ಎದ್ದು ಸೋಫಾ ಮೇಲೆ ಕೂರುತ್ತದೆ.

ಪೈಪು: 50 ಮತ್ತು 50.8ರ ನಡುವಿನ ತಲೆನೋವು

ಅಮೆರಿಕ, ಕೆನಡಾದ ವ್ಯವಸ್ಥೆಗಳಲ್ಲಿ ಪೈಪಿನ ಹೊರ ಅಳತೆ ಸರಿಯಾಗಿ 2 ಇಂಚು, ಅಂದರೆ 50.8 ಮಿಲಿಮೀಟರ್. ಈ ಪೈಪಿಗೆ ಅಲ್ಲಿ ಪ್ರತ್ಯೇಕ ಮಾನದಂಡವೇ ಇದೆ, ಎಎಸ್‌ಟಿಎಂ ಎಫ್ 2158 ಅಂತ. ನಮ್ಮ ಅಂಗಡಿಗಳಲ್ಲಿ ಸಿಗುವ ಐಎಸ್ 4985 ಪಿವಿಸಿ ಪೈಪಿನ ಹೊರ ಅಳತೆ 50 ಮಿಲಿಮೀಟರ್. ವ್ಯತ್ಯಾಸ 0.8 ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ. ಆದರೆ ಆಮದು ಎಲ್ಬೋದಲ್ಲಿ ನಮ್ಮ ಪೈಪ್ ಲಡಬಡ ಅನ್ನುತ್ತದೆ, ನಮ್ಮ ಎಲ್ಬೋದೊಳಗೆ ಆಮದು ಪೈಪ್ ಹೋಗುವುದೇ ಇಲ್ಲ.

ಹೋಗದಿದ್ದಾಗ ಏನಾಗುತ್ತದೆ ಅಂತ ಕೇಳಿ. ಪ್ಲಂಬರ್ ಬ್ಲೋ ಲ್ಯಾಂಪ್ ಹಚ್ಚಿ ಎಲ್ಬೋದ ಬಾಯಿ ಬಿಸಿ ಮಾಡುತ್ತಾನೆ. ಮೆತ್ತಗಾದ ಮೇಲೆ ಪೈಪನ್ನು ಒತ್ತಿ ತೂರಿಸುತ್ತಾನೆ. "ಕುಂತೈತಿ ನೋಡ್ರಿ" ಅನ್ನುತ್ತಾನೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಬೆರಳು ಹಾಕಿ ನೋಡಿದರೆ ಪ್ಲಾಸ್ಟಿಕ್ ಸುಕ್ಕುಗಟ್ಟಿ ಒಂದು ಏಣು ಎದ್ದಿರುತ್ತದೆ. ನೀರಿನ ಪೈಪಾದರೆ ಇದು ನಡೆಯುತ್ತದೆ, ನೀರು ಹಾದು ಹೋಗುತ್ತದೆ. ಇಲ್ಲಿ ಹಾದು ಹೋಗುವುದು ತಲೆಗೂದಲು, ದಾರದ ಎಳೆ, ಊದುಕಡ್ಡಿಯ ತುಂಡು. ಆ ಏಣಿನ ಅಂಚಿಗೆ ಮೊದಲು ಒಂದು ಕೂದಲು ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಇನ್ನೊಂದು. ಕೊನೆಗೆ ಒಂದು ಉಂಡೆ. ಗೋಡೆ ಒಡೆಯದೆ ಅದನ್ನು ತೆಗೆಯುವುದು ಬಹಳ ಕಷ್ಟ.

ಪೈಪ್ ಅಂಟಿಸುವ ಸಲ್ಯೂಷನ್ ಹಚ್ಚುವುದರಲ್ಲೂ ಇದೇ ಎಚ್ಚರ ಬೇಕು. ನೀರಿನ ಕೆಲಸದಲ್ಲಿ ಪೈಪಿಗೂ ಫಿಟಿಂಗಿನ ಒಳಗೂ ಹಚ್ಚುವ ರೂಢಿ ಇದೆ. ಇಲ್ಲಿ ಪೈಪಿನ ಹೊರಗೆ ಮಾತ್ರ ಹಚ್ಚಬೇಕು. ಫಿಟಿಂಗಿನ ಒಳಗೆ ಹಚ್ಚಿದರೆ ಪೈಪ್ ಅದನ್ನು ಮುಂದಕ್ಕೆ ತಳ್ಳುತ್ತದೆ, ಒಳಗೆ ಗಂಟು ಕಟ್ಟುತ್ತದೆ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ಕೆರೆದು ತೆಗೆಯಬೇಕು. ತಿರುವುಗಳಲ್ಲಿ ಉದ್ದ ಬಾಗಿನ ಬೆಂಡ್ ಹಾಕಬೇಕು. ಗಿಡ್ಡ ಎಲ್ಬೋಗೆ ಜಾಗ ಒಂದೇ, ಇನ್ಲೆಟ್‌ನ ಬೆನ್ನಿಗೆ. ಅಲ್ಲಿ ಬೇಕೆಂದೇ ಗಿಡ್ಡದನ್ನು ಹಾಕುತ್ತಾರೆ. ದೊಡ್ಡ ವಸ್ತು ಸಿಕ್ಕಿಕೊಳ್ಳುವುದಿದ್ದರೆ ಕೈಗೆ ಸಿಗುವ ಆ ಜಾಗದಲ್ಲೇ ಸಿಕ್ಕಿಕೊಳ್ಳಲಿ ಅಂತ.

ಹಾಗಾದರೆ ಡೀಲರ್ ಯಾವ ಪೈಪ್ ಇಡಬೇಕು? ಎರಡು ದಾರಿ. ಪೈಪ್, ಬೆಂಡ್, ಇನ್ಲೆಟ್ ಪ್ಲೇಟ್ ಎಲ್ಲವೂ ಒಂದೇ ಅಳತೆಯ ಆಮದು ಮಾಲು. ಇಲ್ಲವೇ ಗೋಡೆಯೊಳಗಿನದೆಲ್ಲ ನಮ್ಮ 50 ಮಿಲಿಮೀಟರ್ ಪೈಪ್ ಮತ್ತು ನಮ್ಮದೇ ಬೆಂಡ್, ಯಂತ್ರದ ಹತ್ತಿರ ಮತ್ತು ಇನ್ಲೆಟ್ ಹತ್ತಿರ ಮಾತ್ರ ಸರಿಯಾದ ಅಡಾಪ್ಟರ್ ಅಥವಾ ರಬ್ಬರ್ ಕಪ್ಲರ್. ಆಮದು ಪೈಪಿನ ಕಷ್ಟ ಏನೆಂದರೆ ಅದು ಹಗುರ, ಆದರೆ ಜಾಗ ತಿನ್ನುತ್ತದೆ. ಹಡಗಿನ ಬಾಡಿಗೆ ಜಾಗದ ಲೆಕ್ಕದಲ್ಲಿ ಬಿದ್ದಾಗ ನೀವು ಪೈಪಿಗಿಂತ ಪೈಪಿನೊಳಗಿನ ಗಾಳಿಗೇ ಜಾಸ್ತಿ ಕೊಟ್ಟಂತೆ. ನನಗೆ ಎರಡನೇ ದಾರಿಯೇ ಸರಿ ಅನ್ನಿಸುತ್ತದೆ. ಆದರೆ ಒಂದು ಶರತ್ತು. ಯಾವ ಅಡಾಪ್ಟರ್, ಯಾವ ಬೆಂಡ್ ಅಂತ ಅಂಗಡಿಯಲ್ಲೇ ವರ್ನಿಯರ್ ಹಿಡಿದು ಅಳೆದು, ಜೋಡಿಸಿ, ಗಾಳಿ ಸೋರದು ಅಂತ ಖಾತ್ರಿ ಮಾಡಿಕೊಂಡ ಮೇಲೆಯೇ ಗಿರಾಕಿಗೆ ಕೊಡಬೇಕು. ಸೈಟಿನಲ್ಲಿ ಪ್ರಯೋಗ ಬೇಡ.

ಅಮೆರಿಕದ ಮಾಲೋ, ಯುರೋಪಿನದೋ?

ಅಮೆರಿಕದ ಮನೆಗಳ ಗೋಡೆ ಮರದ ಚೌಕಟ್ಟಿನದು, ನಡುವೆ ಟೊಳ್ಳು. ಅಲ್ಲಿನ ಇನ್ಲೆಟ್ ಪ್ಲೇಟು ಆ ಚೌಕಟ್ಟಿನ ಮರಕ್ಕೆ ಮೊಳೆ ಹೊಡೆದು ಕೂರಿಸಲು ಮಾಡಿದ್ದು. ನಮ್ಮದು ಇಟ್ಟಂಗಿ ಗೋಡೆ. ಇಟಲಿಯಂಥ ದೇಶಗಳಲ್ಲಿ ಮನೆ ಕಟ್ಟುವುದೂ ಇಟ್ಟಂಗಿ, ಕಾಂಕ್ರೀಟಿನಲ್ಲಿ. ಅಲ್ಲಿನ ಕಂಪನಿಗಳು, ಏರ್ಟೆಕ್ನಿಕಾ, ಸಿಸ್ಟಮ್ ಏರ್ ಮುಂತಾದವು, ಗೋಡೆಯೊಳಗೆ ಹೂತುಬಿಡುವ ಡಬ್ಬಿ ಕೊಡುತ್ತವೆ. ನಮ್ಮ ಗೌಂಡಿ ಸ್ವಿಚ್ ಬೋರ್ಡಿನ ಡಬ್ಬಿ ಕೂರಿಸುವಂತೆಯೇ ಅದನ್ನು ಕೂರಿಸಬಹುದು, ಮೇಲೆ ಪ್ಲೇಟ್ ಹಾಕಿದರೆ ಮುಗೀತು. ಯುರೋಪಿನ ಯಂತ್ರಗಳು 230 ವೋಲ್ಟ್, 50 ಹರ್ಟ್ಸ್‌ನವು, ನಮ್ಮ ಕರೆಂಟಿಗೆ ನೇರ ಹೊಂದುತ್ತವೆ. ಆದರೆ ಯುರೋಪಿನಲ್ಲಿ ಎಲ್ಲ ಕಡೆ ಪೈಪಿನ ಅಳತೆ ಒಂದೇ ಇಲ್ಲ. ಕ್ಯಾಟಲಾಗ್ ನೋಡಿ ಆರ್ಡರ್ ಹಾಕುವ ಮೊದಲು ಒಂದು ತುಂಡು ಪೈಪ್, ಒಂದು ಬೆಂಡ್, ಒಂದು ಇನ್ಲೆಟ್ ಸ್ಯಾಂಪಲ್ ತರಿಸಿ.

ಉತ್ತರ ಅಮೆರಿಕದ ಮಾಲಿಗೂ ಅದರದೇ ಬಲ ಇದೆ. ಬೀಮ್, ವ್ಯಾಕ್ಯೂಫ್ಲೋ, ನ್ಯೂಟೋನ್, ಸೈಕ್ಲೋವ್ಯಾಕ್‌ನಂಥ ಹೆಸರುಗಳು ಹಳೆಯವು. ಬಿಡಿ ಭಾಗಗಳ ಅಳತೆ ಅಲ್ಲಿ ಒಂದು ಹಂತಕ್ಕೆ ಏಕರೂಪ ಆಗಿದೆ. ಒಂದು ಕಂಪನಿಯ ಹೋಸ್ ಇನ್ನೊಂದರ ಇನ್ಲೆಟ್‌ಗೆ ಸಾಮಾನ್ಯವಾಗಿ ಕೂರುತ್ತದೆ. ಮೋಟಾರುಗಳೂ 5.7 ಇಂಚು, 7.2 ಇಂಚು ಎಂಬ ಕೆಲವೇ ವ್ಯಾಸಗಳಲ್ಲಿ ಬರುತ್ತವೆ. ಮುಂದೆ ಮೋಟಾರು ಬದಲಿಸುವಾಗ ಇದು ಉಪಯೋಗಕ್ಕೆ ಬರುತ್ತದೆ. ನೋಡಿಕೊಳ್ಳಬೇಕಾದ್ದು ವೋಲ್ಟೇಜ್. ಅಲ್ಲಿನ ಮನೆಬಳಕೆಯ ಮಾಲು 120 ವೋಲ್ಟಿನದು. ಅದನ್ನು ನಮ್ಮ ಸಾಕೆಟ್‌ಗೆ ಹಾಕಿದರೆ ಮೋಟಾರು ಸುಟ್ಟು ಹೋಗುತ್ತದೆ. 240 ವೋಲ್ಟಿನ ಮಾಡೆಲ್‌ಗಳು ಬೇರೆ ಇರುತ್ತವೆ, ಅವನ್ನೇ ಕೇಳಬೇಕು. ಇನ್‌ವಾಯ್ಸ್ ಮೇಲೆ ವೋಲ್ಟೇಜ್ ಬರೆಸಿಕೊಳ್ಳಿ.

ಅಮೆರಿಕದ ಕಿಟ್‌ನಲ್ಲಿ ಇನ್ನೊಂದು ದುಬಾರಿ ಭಾಗ ಬರುತ್ತದೆ, ಕಾರ್ಪೆಟ್ ಉಜ್ಜುವ ಎಲೆಕ್ಟ್ರಿಕ್ ಬ್ರಷ್. ಅಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್. ನಮ್ಮಲ್ಲಿ ಟೈಲ್ಸ್, ಗ್ರಾನೈಟ್, ಹಳೇ ಮನೆಗಳಲ್ಲಿ ಶಹಾಬಾದ್ ಕಲ್ಲು. ಆ ಬ್ರಷ್ ನಮಗೆ ಬೇಡವೇ ಬೇಡ. ಅದಿಲ್ಲದ, ಬರಿ ನೆಲದ ಮೆತ್ತನೆ ಬ್ರಷ್ ಇರುವ ಕಿಟ್ ಕೇಳಿ. ದುಡ್ಡು ಉಳಿಯುತ್ತದೆ. ಪ್ರತಿ ಇನ್ಲೆಟ್‌ಗೂ ದೊಡ್ಡ ಕರೆಂಟಿನ ವೈರ್ ಎಳೆಯುವ ಖರ್ಚೂ ಉಳಿಯುತ್ತದೆ.

ಇನ್ನು ಹೆಸರಿಲ್ಲದ ಅಗ್ಗದ ಮಾಲು. ಅದರಲ್ಲೂ ಕೆಲವು ಚೆನ್ನಾಗಿರುತ್ತವೆ, ಸುಳ್ಳು ಹೇಳಬಾರದು. ಆದರೆ ಇವತ್ತು ಬಂದ ಮಾಡೆಲ್ ಮೂರು ವರ್ಷದ ನಂತರ ಸಿಗುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಯಂತ್ರ ಮಾತ್ರ ಅಂಥದ್ದು ಇದ್ದರೆ ಪರವಾಗಿಲ್ಲ, ಬದಲಿಸಬಹುದು. ಗೋಡೆಯೊಳಗೆ ಹೋಗುವ ಇನ್ಲೆಟ್ ಡಬ್ಬಿ, ಬೆಂಡು ಅಂಥದ್ದು ಬೇಡ.

ಬ್ರೋಷರಿನ ಅಂಕಿ ಓದುವುದು ಹೇಗೆ

ಮಾರಲು ಬಂದವರು ಎರಡು ಅಂಕಿ ಹೇಳುತ್ತಾರೆ. ವಾಟರ್ ಲಿಫ್ಟ್, ಅಂದರೆ ಯಂತ್ರ ನೀರಿನ ಕಂಬವನ್ನು ಎಷ್ಟು ಇಂಚು ಎಳೆದು ಎತ್ತಬಲ್ಲದು. ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ. ಎರಡನ್ನೂ ಗುಣಿಸಿ ಸುಮಾರು 8.5ರಿಂದ ಭಾಗಿಸಿದರೆ ಏರ್ ವಾಟ್, ನಿಜವಾದ ಎಳೆತದ ಶಕ್ತಿ.

ಆದರೆ ಒಂದು ವಿಷಯ. ಅತಿ ಹೆಚ್ಚಿನ ವಾಟರ್ ಲಿಫ್ಟ್ ಬರುವುದು ಪೈಪಿನ ಬಾಯಿ ಪೂರ್ತಿ ಮುಚ್ಚಿದಾಗ. ಆಗ ಗಾಳಿಯ ಹರಿವು ಸೊನ್ನೆ. ಅತಿ ಹೆಚ್ಚಿನ ಸಿಎಫ್‌ಎಂ ಬರುವುದು ಬಾಯಿ ಪೂರ್ತಿ ತೆರೆದಾಗ. ಆಗ ಎಳೆತ ಇಲ್ಲವೇ ಇಲ್ಲ. ಎರಡೂ ಒಟ್ಟಿಗೆ ಬರುವುದಿಲ್ಲ. ಉದಾಹರಣೆಗೆ 130 ಇಂಚು ಲಿಫ್ಟ್, 110 ಸಿಎಫ್‌ಎಂ ಅಂತ ಬರೆದಿದ್ದಾರೆ ಅಂದುಕೊಳ್ಳಿ. ಸುಮ್ನೆ ಗುಣಿಸಿ ಭಾಗಿಸಿದರೆ 1,682 ಬರುತ್ತದೆ. 1,500 ವಾಟ್ ಕರೆಂಟ್ ತಿನ್ನುವ ಯಂತ್ರ 1,682 ವಾಟ್ ಎಳೆತ ಹೇಗೆ ಕೊಡುತ್ತದೆ? ನಿಜದಲ್ಲಿ ಅದರ ಮೂರನೇ ಒಂದು ಭಾಗ ಸಿಕ್ಕರೆ ದೊಡ್ಡದು. ಯಾರಾದರೂ ಇಂಥ ಅಂಕಿ ಹೇಳಿದರೆ, "ಎಎಸ್‌ಟಿಎಂ ಎಫ್ 558 ಪ್ರಕಾರ ಅಳೆದ ಏರ್ ವಾಟ್ ಎಷ್ಟು, ಗ್ರಾಫ್ ಕೊಡಿ" ಅನ್ನಿ. ಇರುವವರು ಕೊಡುತ್ತಾರೆ.

ನಮ್ಮ ಬರಿ ನೆಲದ ಮನೆಗಳಿಗೆ ಗಾಳಿಯ ಹರಿವು ಮುಖ್ಯ, ಲಿಫ್ಟ್ ಅಷ್ಟಲ್ಲ. ಕಾರ್ಪೆಟಿನ ಆಳದಿಂದ ಎಳೆಯುವ ಕೆಲಸ ಇಲ್ಲಿಲ್ಲ. ಪೈಪ್ ಉದ್ದ ಜಾಸ್ತಿ, ತಿರುವು ಜಾಸ್ತಿ ಇದ್ದರೆ ಮಾತ್ರ ದೊಡ್ಡ ಯಂತ್ರ. ಎರಡು ಮಹಡಿಯ ಸಾಮಾನ್ಯ ಮನೆಗೆ ಅತಿ ದೊಡ್ಡ ಯಂತ್ರ ಹೊರಿಸಿದರೆ ಗಿರಾಕಿಯ ದುಡ್ಡೂ ಕರೆಂಟೂ ದಂಡ.

ಕರೆಂಟಿನ ಮಾತು ಬಂತಲ್ವಾ. ಇದಕ್ಕೆ ಬೇರೆಯೇ ಲೈನ್, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಬೇಕು. ಹೆಸ್ಕಾಂ ಕರೆಂಟ್ ಹೋದಾಗ ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಇದು ಓಡುವುದಿಲ್ಲ. ಇದನ್ನು ಮಾರುವ ಮೊದಲೇ ಗಿರಾಕಿಗೆ ಹೇಳಿಬಿಡಿ.

ಬ್ಯಾಗು, ಸೈಕ್ಲೋನು, ಬಟ್ಟೆ ಫಿಲ್ಟರು

ಧೂಳು ಬೇರೆ ಮಾಡುವುದಕ್ಕೆ ಮೂರು ರೀತಿ. ಬ್ಯಾಗ್ ಇರುವ ಯಂತ್ರದಲ್ಲಿ ಸಣ್ಣ ಧೂಳು ಚೆನ್ನಾಗಿ ಹಿಡಿಯುತ್ತದೆ, ಖಾಲಿ ಮಾಡುವಾಗ ಕೈ ಕೊಳೆಯಾಗುವುದಿಲ್ಲ. ಆದರೆ ಬ್ಯಾಗ್ ಮುಗಿದಾಗ ಗದಗಿನ ಗಿರಾಕಿ ಎಲ್ಲಿಗೆ ಹೋಗಬೇಕು? ನಿಮ್ಮ ಹತ್ತಿರ ಬ್ಯಾಗ್ ಸ್ಟಾಕ್ ಇಲ್ಲದಿದ್ದರೆ ಆ ಯಂತ್ರ ಅವರ ಮನೆಯಲ್ಲಿ ಸುಮ್ಮನೆ ತೂಗಾಡುತ್ತದೆ.

ಫಿಲ್ಟರ್ ಇಲ್ಲದ ಬರೀ ಸೈಕ್ಲೋನ್ ಯಂತ್ರಕ್ಕೆ ಏನೂ ಕೊಳ್ಳಬೇಕಿಲ್ಲ. ಗಾಳಿ ಸುತ್ತಿ ಕಸ ಕೆಳಗೆ ಬೀಳುತ್ತದೆ. ಆದರೆ ಅತಿ ಸಣ್ಣ ಧೂಳು ತಪ್ಪಿಸಿಕೊಂಡು ಹೋಗುತ್ತದೆ. ಅದಕ್ಕಾಗಿ ಗಾಳಿಯ ಪೈಪನ್ನು ಮನೆಯ ಹೊರಗೆ ಬಿಡಲೇಬೇಕು. ಧಾರವಾಡದ ಕೆಂಪು ಮಣ್ಣಿನ ಧೂಳಾದರೆ ಕೆಲವೇ ದಿನಗಳಲ್ಲಿ ಹೊರಗಿನ ಬಿಳಿ ಗೋಡೆ ಮೇಲೆ ಕೆಂಪು ಪಟ್ಟೆ ಬೀಳಬಹುದು. ಬಾಯಿಯನ್ನು ಪಕ್ಕದ ಮನೆಯ ಕಿಟಕಿ ಕಡೆ ಬಿಡಬೇಡಿ, ಜಗಳ ಖಚಿತ.

ಮೂರನೆಯದು ಬಟ್ಟೆ ಫಿಲ್ಟರ್. ಯಂತ್ರ ನಿಂತಾಗ ಬಟ್ಟೆ ಕೆಳಗೆ ಬಿದ್ದು ತನ್ನಷ್ಟಕ್ಕೇ ಕೊಡವಿಕೊಳ್ಳುತ್ತದೆ. ಬ್ಯಾಗಿನ ಚಿಂತೆ ಇಲ್ಲ, ಆಗಾಗ ಡಬ್ಬಿ ಖಾಲಿ ಮಾಡಿದರೆ ಸಾಕು. ಹುಬ್ಬಳ್ಳಿಯಿಂದ ದೂರದ ಊರುಗಳಿಗೆ, ಹಾವೇರಿ, ರಾಣೆಬೆನ್ನೂರು, ಗದಗ ಕಡೆಗೆ ಮಾರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಸ್ತಮಾ ಇರುವ ಮನೆಗೆ ಮಾತ್ರ ಬ್ಯಾಗ್. ಅಲ್ಲಿಗೆ ವರ್ಷಕ್ಕಾಗುವಷ್ಟು ಬ್ಯಾಗನ್ನು ಮೊದಲೇ ಕೊಟ್ಟುಬಿಡಿ.

ಯಾವುದೇ ರೀತಿಯದಾಗಲಿ, ಎರಡು ವಸ್ತು ಒಳಗೆ ಹೋಗಬಾರದು: ನೀರು ಮತ್ತು ಕಟ್ಟಡದ ಪುಡಿ. ಗೃಹಪ್ರವೇಶದ ಗಡಿಬಿಡಿಯಲ್ಲಿ ಪಿಒಪಿ, ಸಿಮೆಂಟ್, ಟೈಲ್ಸ್ ಕೊಯ್ದ ಪುಡಿಯನ್ನು ಹೊಸ ಯಂತ್ರದಿಂದಲೇ ಎಳೆಯಲು ಕೆಲಸಗಾರರಿಗೆ ಆಸೆ. ಆ ಪುಡಿ ಫಿಲ್ಟರಿನ ರಂಧ್ರ ತುಂಬಿಬಿಡುತ್ತದೆ, ತೇವ ಸಿಕ್ಕರೆ ಗಟ್ಟಿಯಾಗುತ್ತದೆ. ಬಣ್ಣ ಮುಗಿದು ಮನೆ ತೊಳೆದ ಮೇಲೆಯೇ ಪವರ್ ಯುನಿಟ್ ತೂಗು ಹಾಕಿ.

ಉದ್ದ ಹೋಸ್

ಸಾಮಾನ್ಯ ಹೋಸ್ ಸುಮಾರು 30 ಅಡಿ. ಒಂದು ಇನ್ಲೆಟ್‌ಗೆ ಸುಮಾರು 600-700 ಚದರಡಿ ಮುಟ್ಟುತ್ತದೆ. ಬಳಸದಾಗ ಅದನ್ನು ಸುತ್ತಿ ಎಲ್ಲಾದರೂ ಇಡಬೇಕು. ಗೋಡೆಯೊಳಗೇ ಒಳ ಸೇರುವ ಹೋಸ್ ಬೇರೆ ಬರುತ್ತದೆ, ಬಹಳ ಚೆಂದ. ಆದರೆ ಅದಕ್ಕೆ ಹೋಸ್ ಉದ್ದದಷ್ಟೇ ಪೈಪು, ಇನ್ನೂ ದೊಡ್ಡ ಬಾಗಿನ ಬೆಂಡುಗಳು ಬೇಕು. ಅದರ ನಕ್ಷೆ ಆರ್ಕಿಟೆಕ್ಟ್ ಮೇಜಿನ ಮೇಲೆಯೇ ಆಗಬೇಕು. ಕಟ್ಟಿದ ಮನೆಗೆ ಆಗುವುದಿಲ್ಲ. ಹೊಸ ಡೀಲರ್ ಸಾಮಾನ್ಯ ಹೋಸಿನಿಂದಲೇ ಶುರು ಮಾಡುವುದು ಒಳ್ಳೆಯದು.

ಗೋಡೆಯ ದಪ್ಪವನ್ನೂ ನೋಡಿ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ 50 ಮಿಲಿಮೀಟರ್ ಪೈಪ್ ಹೂತು ಮೇಲೆ ಪ್ಲಾಸ್ಟರ್ ಮಾಡಬೇಕಾದರೆ ಅರ್ಧಕ್ಕಿಂತ ಹೆಚ್ಚು ಗೋಡೆ ಕೊರೆಯಬೇಕಾಗುತ್ತದೆ. ಬೇಡ. ಒಂಬತ್ತಿಂಚಿನ ಗೋಡೆ, ಪ್ಲಂಬಿಂಗ್ ಡಕ್ಟ್, ಫಾಲ್ಸ್ ಸೀಲಿಂಗ್, ಕಪಾಟಿನ ಹಿಂಬದಿ ಇವೇ ದಾರಿ. ಸ್ಲ್ಯಾಬ್ ಹಾಕುವ ಮುಂಚೆಯೇ ತೂತಿಗೆ ಪೈಪಿನ ತುಂಡು ಇಟ್ಟಿರಬೇಕು. ಬೀಮ್ ಕೊರೆಯುವ ಮಾತು ಯಾರಾದರೂ ಎತ್ತಿದರೆ ಇಂಜಿನಿಯರ್‌ಗೆ ಫೋನ್ ಮಾಡಿ.

ಮಾಲು ತರಿಸುವ ದಾರಿ

ದೊಡ್ಡ ಊರಿನ ವಿತರಕರಿಂದ ಸಬ್-ಡೀಲರ್ ಆಗಿ ತರಿಸುವುದು ಒಂದು. ಲಾಭ ಕಡಿಮೆ, ಆದರೆ ಒಂದೊಂದೇ ತರಿಸಬಹುದು, ವಾರಂಟಿ ಅವರ ತಲೆಯ ಮೇಲೆ. ನೇರ ಆಮದು ಇನ್ನೊಂದು. ಅದಕ್ಕೆ ಐಇಸಿ ನಂಬರ್ (ಆಮದು-ರಫ್ತು ಮಾಡುವವರ ಕೋಡ್) ಬೇಕು, ಕಸ್ಟಮ್ಸ್ ಏಜೆಂಟ್ ಬೇಕು. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು, ಎಂಆರ್‌ಪಿ, ತಯಾರಾದ ದೇಶ ಎಲ್ಲ ಅಚ್ಚಾಗಿರಬೇಕು. ಬಿಐಎಸ್ ಮತ್ತು ಇ-ತ್ಯಾಜ್ಯದ ನಿಯಮ ಏನು ಕೇಳುತ್ತದೆ ಅಂತ ಮುಂಗಡ ಕಳಿಸುವ ಮೊದಲೇ ಏಜೆಂಟ್ ಹತ್ತಿರ ಲಿಖಿತವಾಗಿ ಪಡೆಯಿರಿ. ವ್ಯಾಕ್ಯೂಮ್ ಕ್ಲೀನರ್‌ಗಳ ಎಚ್‌ಎಸ್‌ಎನ್ (ತೆರಿಗೆಗೆ ಮಾಲಿನ ವರ್ಗದ ಸಂಖ್ಯೆ) 8508. ಜಿಎಸ್‌ಟಿ 18 ಶೇಕಡಾ. 2018ರ ಜುಲೈವರೆಗೆ ಇದು 28 ಇತ್ತು. ಪಿವಿಸಿ ಪೈಪ್ ಬೇರೆ ಸಂಖ್ಯೆ, 3917ರಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಬರೆಯಿರಿ.

ನಾನಾದರೆ ಮೊದಲು ಸಬ್-ಡೀಲರ್ ದಾರಿಯನ್ನೇ ಹಿಡಿಯುತ್ತೇನೆ. ಕಾರಣ ನಮ್ಮ ವ್ಯಾಪಾರದ ಲಯ. ಸ್ಲ್ಯಾಬ್ ಬೀಳುವಾಗ ಪೈಪ್ ಹೋಗುತ್ತದೆ. ಯಂತ್ರ ಹೋಗುವುದು ಬಣ್ಣ ಮುಗಿದ ಮೇಲೆ. ನಡುವೆ ಒಂದು ವರ್ಷ ಹಿಡಿಯಬಹುದು. ಯಂತ್ರಗಳನ್ನು ಮೊದಲೇ ತಂದು ಗೋಡೌನಿನಲ್ಲಿ ಪೇರಿಸಿದರೆ ಆ ದುಡ್ಡು ವರ್ಷವಿಡೀ ಮಲಗುತ್ತದೆ. ಇಲ್ಲಿ ಬಿಲ್ಡರುಗಳ ಉದ್ರಿ ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ. ಪೈಪ್, ಬೆಂಡ್, ಇನ್ಲೆಟ್ ಡಬ್ಬಿ, ಸಣ್ಣ ವೈರ್ ಇವನ್ನು ಸ್ಟಾಕ್ ಇಡಿ. ಅವುಗಳ ದುಡ್ಡನ್ನು ಆಗಲೇ ವಸೂಲಿ ಮಾಡಿ. ಯಂತ್ರವನ್ನು ಮುಂಗಡ ಬಂದ ಮೇಲೆ ತರಿಸಿ. ಗಿರಾಕಿಗೂ ಇದೇ ಹಗುರ. ಇವತ್ತು ಪೈಪ್ ಮಾತ್ರ ಹಾಕಿಸಿ, ಯಂತ್ರವನ್ನು ಕೈಯಲ್ಲಿ ದುಡ್ಡಿದ್ದಾಗ ಕೊಳ್ಳಬಹುದು.

ಮೋಟಾರು ರಿಪೇರಿಯ ಬಗ್ಗೆ ಭ್ರಮೆ ಬೇಡ. ನಮ್ಮಲ್ಲಿ ವೈಂಡಿಂಗ್ ಮಾಡುವ ಕೈಗಳು ಒಳ್ಳೆಯವು, ಪಂಪ್‌ಸೆಟ್ ಯಾವುದೇ ಇರಲಿ ಎದ್ದು ಕೂರುತ್ತದೆ. ಆದರೆ ವ್ಯಾಕ್ಯೂಮ್ ಮೋಟಾರು ನಿಮಿಷಕ್ಕೆ 20,000 ಸುತ್ತಿಗಿಂತ ಜೋರಾಗಿ ತಿರುಗುತ್ತದೆ. ತಿರುಗುವ ಭಾಗವಾದ ಆರ್ಮೇಚರ್‌ನ ತೂಕ ಒಂದು ಕಡೆ ಸ್ವಲ್ಪ ಜಾಸ್ತಿಯಾದರೂ ಬೇರಿಂಗ್ ಬೇಗ ಹೋಗುತ್ತದೆ. ಆ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬದಲಿಸುವುದು ಇಲ್ಲೇ ಆಗುತ್ತದೆ. ಸುಟ್ಟ ಮೋಟಾರಿಗೆ ಅದೇ ವ್ಯಾಸದ ಹೊಸ ಮೋಟಾರೇ ಮದ್ದು. ಮಾರಿದ ಪ್ರತಿ ಮಾಡೆಲ್‌ಗೂ ಒಂದು ಮೋಟಾರು, ಒಂದೆರಡು ಜೊತೆ ಕಾರ್ಬನ್ ಬ್ರಷ್ ಅಂಗಡಿಯಲ್ಲಿರಲಿ.

ಮಾರಬಾರದ ಕಡೆ

ಎರಡು ಕೋಣೆಯ ಫ್ಲ್ಯಾಟ್, ಆಗಲೇ ಕಟ್ಟಿ ಮುಗಿದ ಮನೆ, ಬಾಡಿಗೆ ಮನೆ: ಇವರಿಗೆಲ್ಲ ಒಳ್ಳೆಯ ಕೈ ವ್ಯಾಕ್ಯೂಮ್ ಅಥವಾ ನೀರನ್ನೂ ಎಳೆಯುವ ಡ್ರಮ್ ವ್ಯಾಕ್ಯೂಮ್ ಸಾಕು. ಅದನ್ನೇ ಕೊಡಿ. ಸೆಂಟ್ರಲ್ ಇದ್ದರೂ ನೆಲ ಒರೆಸುವುದು ತಪ್ಪುವುದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಿ.

ಹೋಟೆಲ್, ಆಸ್ಪತ್ರೆಯಂಥ ಕಡೆ ಪ್ರತಿ ಮಹಡಿಯಲ್ಲೂ ಒಂದೇ ಹೊತ್ತಿಗೆ ಕೆಲಸ ನಡೆಯುತ್ತದೆ. ಮನೆಯ ಯಂತ್ರ ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ. ಅಲ್ಲಿಗೆ ತ್ರೀ ಫೇಸ್ ಬ್ಲೋವರ್, ದಪ್ಪ ಪೈಪಿನ ಕಮರ್ಷಿಯಲ್ ವ್ಯವಸ್ಥೆ ಬೇಕು. ಅದರ ಲೆಕ್ಕವನ್ನು ಕಂಪನಿಯ ಇಂಜಿನಿಯರ್ ಹಾಕಲಿ.

ಬ್ಯಾಡಗಿಯ ಖಾರದ ಪುಡಿ ಗಿರಣಿಯವರು, ಹತ್ತಿ ಜಿನ್ನಿಂಗ್‌ನವರು ಕೇಳಿಕೊಂಡು ಬಂದರೆ ಮನೆಯ ಯಂತ್ರವನ್ನು ಯಾವ ಕಾರಣಕ್ಕೂ ಕೊಡಬೇಡಿ. ಪಿವಿಸಿ ಪೈಪಿನಲ್ಲಿ ಒಣ ಪುಡಿ ಓಡುವಾಗ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ತೇಲುವ ಸಣ್ಣ ಪುಡಿಗೆ, ಹತ್ತಿಯ ಎಳೆಗೆ ಒಂದು ಕಿಡಿ ಸಾಕು, ಬೆಂಕಿ ಹತ್ತುತ್ತದೆ. ಅವರಿಗೆ ಅರ್ಥಿಂಗ್ ಮಾಡಿದ ಲೋಹದ ಪೈಪು, ಅದಕ್ಕೆಂದೇ ಮಾಡಿದ ಕೈಗಾರಿಕಾ ಡಸ್ಟ್ ಕಲೆಕ್ಟರ್ ಬೇಕು. ಆರ್ಡರ್ ದೊಡ್ಡದಿದ್ದರೂ ಬಿಡಿ. ಅಲ್ಲಿ ಜನ ಕೆಲಸ ಮಾಡುತ್ತಾರೆ.

ಮೊದಲ ಆರ್ಡರ್ ಹೀಗಿರಲಿ

ಎರಡು-ಮೂರು ಮನೆಗೆ ಆಗುವಷ್ಟು ಪೈಪ್, ಉದ್ದ ಬಾಗಿನ ಬೆಂಡ್, ಅಳೆದು ನೋಡಿದ ಅಡಾಪ್ಟರ್. ಇಟ್ಟಂಗಿ ಗೋಡೆಯ ಇನ್ಲೆಟ್ ಡಬ್ಬಿ. ಬಟ್ಟೆ ಫಿಲ್ಟರಿನ 230 ವೋಲ್ಟ್ ಯಂತ್ರ ಒಂದೇ ಒಂದು, ಅದೂ ಅಂಗಡಿಯ ಗೋಡೆಗೆ ಹಾಕಿ ತೋರಿಸಲು. ಬರಿ ನೆಲದ ಬ್ರಷ್ ಕಿಟ್, ಒಂದು ಮೋಟಾರು, ಕಾರ್ಬನ್ ಬ್ರಷ್. ಒಬ್ಬ ಪ್ಲಂಬರ್‌ನನ್ನು ಆರಿಸಿ, ಸಲ್ಯೂಷನ್ ಹಚ್ಚುವುದರಿಂದ ಹಿಡಿದು ಅವನಿಗೆ ಕೂತು ಕಲಿಸಿ. ಪ್ಲಾಸ್ಟರ್ ಆಗುವ ಮೊದಲು ಇನ್ಲೆಟ್‌ಗಳನ್ನೆಲ್ಲ ಮುಚ್ಚಿ ಅಂಗಡಿಯ ಯಂತ್ರ ಒಯ್ದು ಓಡಿಸಿ, ಎಳೆತ ಅಳೆಯುವ ಗೇಜ್ ಹಾಕಿ ಸೋರಿಕೆ ನೋಡಿ. ಪ್ರತಿ ಗೋಡೆಯ ಫೋಟೋ ತೆಗೆದು, ನೆಲದಿಂದ ಎಷ್ಟು ಎತ್ತರ, ಮೂಲೆಯಿಂದ ಎಷ್ಟು ದೂರ ಅಂತ ಬರೆದು ಒಂದು ಪ್ರತಿ ಮನೆಯವರಿಗೆ ಕೊಡಿ, ಒಂದು ನಿಮ್ಮ ಫೈಲಿನಲ್ಲಿಡಿ. ಮುಂದೆ ಯಾರೋ ಟಿವಿಗೆ ಡ್ರಿಲ್ ಹೊಡೆಯುವಾಗ ಅವರು ಫೋನ್ ಮಾಡುವುದು ನಿಮಗೇ.